ಹಿಂಗಾರ, ತಿರಿ, ಮಂಡಲ: ಪುತ್ತಿಗೆ ಸೀಮೆಯ ಹೂವಿನ ಕಲೆ

ಪುತ್ತಿಗೆ ದಕ್ಷಿಣ ಕನ್ನಡ ಜಿಲ್ಲೆಯ ಮೂಡುಬಿದಿರೆ ತಾಲೂಕಿನ ಒಂದು ಗ್ರಾಮ. ಅಲ್ಲಿಂದ ತೆಂಕಕ್ಕೆ ಬಂಟ್ವಾಳ, ಮೂಡಣಕ್ಕೆ ಬೆಳ್ತಂಗಡಿ. ಈ ಮೂರು ತಾಲೂಕುಗಳ ಹಿಂದೂ ಮನೆಗಳಲ್ಲಿ, ದೇವಸ್ಥಾನ, ನಾಗಬನ, ದೈವಸ್ಥಾನಗಳಲ್ಲಿ ಹೂ, ಗರಿ, ಹಿಟ್ಟು, ಬಣ್ಣಗಳಿಂದ ಮಾಡುವ ಸಿಂಗಾರಗಳು ಬೇರೆ ಬೇರೆ ಸಮುದಾಯಗಳ ಕೈಕೆಲಸ. ಆದರೆ ಅವುಗಳ ಸಾಮಗ್ರಿಯ ಮೂಲ ಒಂದೇ. ಅಡಿಕೆ ಮರದಿಂದ ಹಿಂಗಾರ, ತೆಂಗಿನಿಂದ ತಿರಿ, ಬಾಳೆಯಿಂದ ನಾರು, ಗದ್ದೆಯ ಭತ್ತದಿಂದ ಕರಿ ಬಣ್ಣ, ಬೇಲಿಯಂಚಿನಿಂದ ಕೇಪುಳ. ಹಾಗಾಗಿ ಈ ಕಲೆಯ ಚರಿತ್ರೆಯನ್ನು ಇಲ್ಲಿನ ಬೇಸಾಯದ ಚರಿತ್ರೆಯಿಂದ ಬಿಡಿಸಿ ಬರೆಯಲಾಗದು.

ಅರಸರ ಕಾಲ

ಪುತ್ತಿಗೆಯ ಹೆಸರು ಚೌಟ ಅರಸರೊಂದಿಗೆ ಬೆಸೆದುಕೊಂಡಿದೆ. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಇದೇ ಮನೆತನದವಳು. ಉಳ್ಳಾಲದಲ್ಲಿಯೂ ಪುತ್ತಿಗೆಯಲ್ಲಿಯೂ ನೆಲೆ ಹೊಂದಿದ್ದ ಚೌಟರು 17ನೇ ಶತಮಾನದಲ್ಲಿ ಮೂಡುಬಿದಿರೆಯಲ್ಲಿ ಅರಮನೆ ಮಾಡಿಕೊಂಡರು. ಅವರು ಜೈನರು, ಆರಾಧಿಸಿದ ದೇವರು ಸೋಮನಾಥ. ಉಳ್ಳಾಲದಲ್ಲಿರುವಂತೆ ಪುತ್ತಿಗೆಯಲ್ಲಿಯೂ ಸೋಮನಾಥನ ದೇವಸ್ಥಾನವಿದೆ. ಬಸದಿಯ ಪೂಜೆ, ಶಿವನ ಉತ್ಸವ, ದೈವದ ನೇಮ ಒಂದೇ ಅರಸುಮನೆಯ ಆಶ್ರಯದಲ್ಲಿ ನಡೆದ ಈ ನಾಡಿನಲ್ಲಿ ಅಲಂಕಾರದ ಕಣ್ಣು ಮತಗಳ ಗಡಿ ನೋಡಿಕೊಂಡು ಬೆಳೆಯಲಿಲ್ಲ.

ಅದಕ್ಕೆ ಸಾಕ್ಷಿ ಕಲ್ಲಿನಲ್ಲಿಯೂ ಮರದಲ್ಲಿಯೂ ಉಳಿದಿದೆ. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕಂಬಗಳಲ್ಲಿ ಹೂ, ಬಳ್ಳಿ, ಹೆಣೆದ ಗಂಟುಗಳ ಕೆತ್ತನೆಯಿದೆ. ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾಗುವ ನವನಾರೀಕುಂಜರ, ಐವರು ಸೇರಿ ಕುದುರೆಯಾಗುವ ಪಂಚನಾರೀತುರಗಗಳಿವೆ. ಬಸದಿಯ ಗಂಟನ್ನು ನೋಡಿದವರು ನಾಗಮಂಡಲದ ಮುಂದೆ ನಿಂತರೆ, ಒಂದೇ ಗೆರೆ ತನ್ನನ್ನು ತಾನೇ ಹಾದು ಮತ್ತೆ ಬಂದು ಸೇರುವ ಅದೇ ಬಗೆಯನ್ನು ನೆಲದ ಮೇಲೆ ಕಾಣುತ್ತಾರೆ.

ಹಿಂಗಾರ

ತುಳುವಿನಲ್ಲಿ ಪಿಂಗಾರ, ಇಲ್ಲಿನ ಕನ್ನಡದಲ್ಲಿ ಹಿಂಗಾರ ಅಥವಾ ಸಿಂಗಾರ: ಅಡಿಕೆ ಮರದ ಹೂಗೊನೆ. ತುಳುನಾಡಿನ ಆರಾಧನೆಯಲ್ಲಿ ಇದಕ್ಕಿರುವ ಸ್ಥಾನ ಬೇರೆ ಯಾವ ಹೂವಿಗೂ ಇಲ್ಲ. ದಪ್ಪ ಹೊದಿಕೆಯೊಳಗೆ ಒತ್ತಾಗಿ ಮಡಿಚಿಕೊಂಡಿರುವ ಈ ಗೊನೆ ತಾನಾಗಿ ಬಿರಿಯುವ ಮೊದಲೇ ಮರ ಹತ್ತಿ ಇಳಿಸಬೇಕು. ಹೊದಿಕೆ ಸೀಳಿದಾಗ ಬೆಣ್ಣೆಬಣ್ಣದ ಎಸಳುಗಳು, ಅವುಗಳ ಮೈತುಂಬ ಅಕ್ಕಿಕಾಳಿನಂಥ ಮೊಗ್ಗುಗಳು ಹೊರಬರುತ್ತವೆ. ತುದಿಯವರೆಗೂ ಇರುವ ಸಣ್ಣವು ಗಂಡು ಹೂಗಳು. ಬುಡದಲ್ಲಿರುವ ಕೆಲವೇ ಹೆಣ್ಣು ಹೂಗಳು ಮುಂದೆ ಅಡಿಕೆಯಾಗುತ್ತವೆ. ಅಂದರೆ ದೇವರಿಗೆ ಒಂದು ಹಿಂಗಾರ ಕೊಟ್ಟವರು ಒಂದು ಗೊನೆ ಅಡಿಕೆಯನ್ನೇ ಕೊಟ್ಟಂತೆ. ಅಡಿಕೆಯಿಂದ ಬದುಕುವ ಮನೆಗೆ ಇದು ಸಣ್ಣ ಕಾಣಿಕೆಯಲ್ಲ.

ನಾಗದರ್ಶನದಲ್ಲಿ, ನಾಗ ಮೈದುಂಬುವ ಪಾತ್ರಿ ಹಿಂಗಾರವನ್ನು ಕೈತುಂಬ ಹಿಡಿದು ಮುಖ, ಮೈಗೆ ಉಜ್ಜಿಕೊಳ್ಳುತ್ತಾನೆ. ಎಸಳುಗಳು ಉದುರುತ್ತವೆ, ಉದುರಿದ್ದೇ ಪ್ರಸಾದ. ನೋಡಲೆಂದು ಇಟ್ಟ ಹೂವಲ್ಲ ಅದು. ಮೈದುಂಬಿ ಬರುವುದಕ್ಕೆ ಬೇಕಾದ ಹೂ.

ಹಿಂಗಾರದ ಅತಿ ದೊಡ್ಡ ಕಥೆ ಸಿರಿಯದು. ಮಕ್ಕಳಿಲ್ಲದ ಮುದುಕ ಬೆರ್ಮು ಆಳ್ವ ಬೆರ್ಮೆರ್ ಎಂಬ ದೈವದ ಪಾಳುಬಿದ್ದ ಗುಡಿಯನ್ನು ಎತ್ತಿ ನಿಲ್ಲಿಸುತ್ತಾನೆ. ಅಲ್ಲಿ ಪ್ರಸಾದವಾಗಿ ಸಿಕ್ಕ ಹಿಂಗಾರ ಮತ್ತು ಗಂಧವೇ ಹೆಣ್ಣುಮಗುವಾಗುತ್ತದೆ. ಅವಳೇ ಸಿರಿ, ಮುಂದೆ ಗಂಡ ಕಾಂತು ಪೂಂಜನನ್ನು ಬಿಟ್ಟು ತನ್ನ ಕಾಲ ಮೇಲೆ ನಿಲ್ಲುವವಳು. ಬೆಳ್ತಂಗಡಿ ತಾಲೂಕಿನ ನಿಡ್ಗಲ್ ಸೇರಿದಂತೆ ಆಲಡೆಗಳೆಂಬ ಹಲವು ಆರಾಧನಾ ಸ್ಥಳಗಳಲ್ಲಿ ಪ್ರತಿವರ್ಷ ಸಿರಿಜಾತ್ರೆ ನಡೆಯುತ್ತದೆ. ರಾತ್ರಿಯಿಡೀ ಹೆಂಗಸರು ಸಾಲಾಗಿ ಹಿಂಗಾರ ಹಿಡಿದು ಸಿರಿಯ ಕುಲದ ಹೆಣ್ಣುಗಳಾಗಿ ಮಾತಾಡುತ್ತಾರೆ. ಸಿರಿಯ ಮಗ ಕುಮಾರನ ಪಾತ್ರಿ ಅವರನ್ನು ಮಾತಿಗೆಳೆಯುತ್ತಾನೆ. ಮನೆಯೊಳಗೆ ಹೇಳಿಕೊಳ್ಳಲಾಗದ ದುಃಖಕ್ಕೆ ಆ ರಾತ್ರಿ ನಾಲಗೆ ಬರುತ್ತದೆ. ಹಿಂಗಾರ ಕೈಗೆ ಬರುವವರೆಗೆ ಅಲ್ಲಿನ ಹೆಣ್ಣು ಯಾರದೋ ಮನೆಯ ಸೊಸೆ. ಬಂದ ಮೇಲೆ ಆ ಹೂವಿನಿಂದ ಹುಟ್ಟಿದವಳ ಮಗಳು.

ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಸ್ವತಃ ಕುಮಾರನ ಪಾತ್ರಿಯಾಗಿದ್ದವರು. 1990ರ ಡಿಸೆಂಬರಿನಲ್ಲಿ ಅವರು ಹಾಡಿದ ಸಿರಿ ಸಂಧಿಯನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರು ದಾಖಲಿಸಿದರು. 15,683 ಸಾಲುಗಳ ಆ ಪಾಠ 1998ರಲ್ಲಿ ಪ್ರಕಟವಾಯಿತು. ಹಿಂಗಾರವು ಹೂವಷ್ಟೇ ಆಗಿರದೆ ಒಂದು ವಂಶದ ಮೂಲವೂ ಹೌದೆಂಬುದು ತುಳುವರ ಹೊರಗಿನ ಓದುಗರಿಗೆ ತಿಳಿದದ್ದರಲ್ಲಿ ಈ ಕೆಲಸದ ಪಾಲು ದೊಡ್ಡದು.

ಐದು ಬಣ್ಣದ ನೆಲ

ನಾಗಮಂಡಲ ತುಳುನಾಡಿನ ನೆಲಚಿತ್ರಗಳಲ್ಲೆಲ್ಲ ದೊಡ್ಡದು. ಚಿತ್ರ ಬರೆಯುವವರು ವೈದ್ಯರೆಂದು ಕರೆಯಲಾಗುವ ಸಮುದಾಯದವರು. ಅವರೇ ಡಕ್ಕೆ ಬಾರಿಸಿ ಹಾಡುವವರು, ಅವರಲ್ಲೇ ಒಬ್ಬರು ಅರ್ಧನಾರಿಯ ವೇಷದಲ್ಲಿ ನಾಗಕನ್ನಿಕೆಯಾಗಿ ಪಾತ್ರಿಯ ಸುತ್ತ ಕುಣಿಯುವವರು. ಬರೆದ ಕೈಯೇ ಹಾಡಿ ಕುಣಿಯುವ ಈ ಏರ್ಪಾಟಿನಲ್ಲಿ ಚಿತ್ರಕಾರನಿಗೂ ಆರಾಧಕನಿಗೂ ನಡುವೆ ಅಂತರವಿಲ್ಲ.

ಬಣ್ಣ ಐದು. ಬಿಳಿಗೆ ಬಿಳಿ ಮಣ್ಣು, ಹಳದಿಗೆ ಅರಿಶಿನ, ಅರಿಶಿನಕ್ಕೆ ಸುಣ್ಣ ಬೆರೆತಾಗ ಕೆಂಪು, ಒಣಗಿಸಿ ಪುಡಿಮಾಡಿದ ಎಲೆಯಿಂದ ಹಸಿರು, ಸುಟ್ಟ ಭತ್ತದ ಉಮಿಯಿಂದ ಕಪ್ಪು. ಹಾವಿನ ಮೈಯ ಸುತ್ತುಗಳು ಒಂದರೊಳಗೊಂದು ಹೊಕ್ಕು ಗಂಟಾಗುವ ಜಾಗಕ್ಕೆ ‘ಪವಿತ್ರ’ ಎಂದು ಹೆಸರು. ಪೂರ್ಣ ಮಂಡಲಕ್ಕೆ ಹದಿನಾರು ಪವಿತ್ರ, ಅರ್ಧಕ್ಕೆ ಎಂಟು, ಕಾಲಿಗೆ ನಾಲ್ಕು. ಮಂಡಲದ ಮೇಲೆ ಚಪ್ಪರ. ಅದರ ತುಂಬ ಮಾವಿನ ತೋರಣ, ಎಳೆಗರಿ, ಹಿಂಗಾರ, ಹಣ್ಣಿನ ಗೊನೆಗಳು. ಗಂಟೆಗಟ್ಟಲೆ ಬಗ್ಗಿ ಬೆರಳ ಸಂದಿನಿಂದ ಪುಡಿ ಇಳಿಸಿ ಬರೆದದ್ದು ಒಂದು ರಾತ್ರಿಯ ಆಯುಷ್ಯದ್ದು. ಬೆಳಗಾಗುವಾಗ ಅದು ಅಳಿದಿರುತ್ತದೆ, ಬಣ್ಣದ ಪುಡಿ ಭಕ್ತರ ಅಂಗೈಯಲ್ಲಿರುತ್ತದೆ. ಆಶ್ಲೇಷಾಬಲಿ, ಸರ್ಪಬಲಿಗಳಿಗೆ ಪುರೋಹಿತರು ಹಾಕುವ ಮಂಡಲಗಳು ಗಾತ್ರದಲ್ಲಿ ಚಿಕ್ಕವು. ಬಣ್ಣಗಳ ಕುಲ ಒಂದೇ.

ತಿರಿ, ಅಣಿ, ಕೇಪುಳ

ದೈವದ ಕೋಲಕ್ಕೆ ಪಂಬದ, ಪರವ, ನಲಿಕೆ ಸಮುದಾಯದವರು ತೊಡುವ ಉಡುಗೆಯ ಬಹುಪಾಲು ಆ ದಿನವೇ ಹುಟ್ಟಿ ಆ ರಾತ್ರಿಯೇ ಮುಗಿಯುತ್ತದೆ. ತೆಂಗಿನ ಎಳೆಗರಿಗೆ ತುಳುವಿನಲ್ಲಿ ತಿರಿ ಎನ್ನುತ್ತಾರೆ. ಅದನ್ನು ಕತ್ತಿಯಿಂದ ಎಳೆಎಳೆಯಾಗಿ ಸೀಳಿ ಸೊಂಟದ ಸುತ್ತ ಕಟ್ಟಿದಾಗ ಕುಣಿತದ ತಿರುವಿಗೆ ಅದು ಹರಡಿಕೊಳ್ಳುತ್ತದೆ, ದೀಟಿಗೆಯ ಬೆಳಕು ಅದರೊಳಗೆ ಹಳದಿಯಾಗಿ ಹೊಳೆಯುತ್ತದೆ. ಮುಖಕ್ಕೆ ಅರದಾಳದ ಹಳದಿ, ಇಂಗಲೀಕದ ಕೆಂಪು, ಮಸಿಯ ಕಪ್ಪು, ಎಲ್ಲವೂ ತೆಂಗಿನೆಣ್ಣೆಯಲ್ಲಿ ಕಲಸಿದ್ದು. ಯಾವ ದೈವಕ್ಕೆ ಯಾವ ಗೆರೆ, ಯಾವ ಚುಕ್ಕೆ ಎಂಬುದು ಮನೆತನದಿಂದ ಮನೆತನಕ್ಕೆ ಕೈಯಿಂದ ಕೈಗೆ ಬಂದ ವಿದ್ಯೆ. ಬೆನ್ನ ಹಿಂದೆ ಎದ್ದು ನಿಲ್ಲುವ ಅಣಿಯನ್ನೂ ತಿರಿ, ಹೂಗಳಿಂದ ಸಿಂಗರಿಸುತ್ತಾರೆ.

ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಎ. ಸಿ. ಬರ್ನೆಲ್ ಈ ದೈವಾರಾಧನೆಯ ಬಗ್ಗೆ ಸಂಗ್ರಹಿಸಿದ್ದ ಸಾಮಗ್ರಿ ಅವನು ತೀರಿಕೊಂಡ ಮೇಲೆ, 1894ರಿಂದ 1897ರ ನಡುವೆ, ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅಚ್ಚಾಯಿತು. ತಲೆಬರಹವೇ ಇದನ್ನು ದೆವ್ವದ ಪೂಜೆ ಎಂದಿತು. ದೈವಗಳ ಕಥೆ ಹೇಳುವ ಹಾಡುಗಳಾದ ಪಾಡ್ದನಗಳನ್ನು ಉಳಿಸಿಕೊಟ್ಟ ಉಪಕಾರವನ್ನು ಮರೆಯದೆಯೇ, ಆ ಹೆಸರು ಅನ್ಯಾಯದ್ದೆಂದು ಹೇಳಬೇಕು.

ನಲಿಕೆಯವರದೇ ಇನ್ನೊಂದು ವೇಷ ಆಟಿ ಕಳೆಂಜ. ಮಳೆ ಧಾರಾಕಾರವಾಗಿ ಸುರಿಯುವ, ಕಣಜ ಬರಿದಾಗುವ ಆಟಿ ತಿಂಗಳಲ್ಲಿ ಕಳೆಂಜ ತಿರಿ ಉಟ್ಟು, ಕೇಪುಳ ಹೂ ಸಿಕ್ಕಿಸಿದ ತಾಳೆಗರಿಯ ಕೊಡೆ ತಿರುಗಿಸುತ್ತ ಮನೆಮನೆಗೆ ಬಂದು ಮಾರಿ ಕಳೆಯುತ್ತಾನೆ. ಕಾಡಿನಂಚಿನ ಪೊದೆಯಲ್ಲಿ ಯಾರೂ ನೀರೆರೆಯದೆ ಬೆಳೆಯುವ ಕೆಂಪು ಕೇಪುಳ, ಹೊಟ್ಟೆ ಹಸಿದ ತಿಂಗಳಿನ ಹೂ.

ಮಳೆಗಾಲದ ಹೆಂಗಸರ ಹೂ

ಆಟಿ ಕಳೆದು ಸೋಣ ಬಂದರೆ ಅಲಂಕಾರ ಹೊಸ್ತಿಲಿಗೆ ಬರುತ್ತದೆ. ತಿಂಗಳಿಡೀ ಹೊಸ್ತಿಲು ತೊಳೆದು, ಶೇಡಿ ಎಂಬ ಬಿಳಿ ಮಣ್ಣಿನಿಂದ ಗೆರೆಯೆಳೆದು, ಅಂಗಳದ ಹೂವಿಟ್ಟು ಪೂಜಿಸುವುದು ಸೋಣದ ಹೊಸ್ತಿಲ ಪೂಜೆ.

ಮೂಡುಬಿದಿರೆ, ಬಂಟ್ವಾಳ ಪೇಟೆಗಳ ಗೌಡ ಸಾರಸ್ವತ ಮನೆಗಳಲ್ಲಿ ಶ್ರಾವಣದ ಶುಕ್ರವಾರ, ಭಾನುವಾರಗಳಂದು ಮುತ್ತೈದೆಯರು ಚೂಡಿ ಕಟ್ಟುತ್ತಾರೆ. ಗರಿಕೆ, ಶಂಖಪುಷ್ಪ, ಕರವೀರ, ರಥಪುಷ್ಪ, ಮಳೆಗೆ ಚಿಗುರಿದ ಸಣ್ಣಪುಟ್ಟ ಗಿಡಗಳನ್ನು ಅಂಗೈಯಗಲದ ಕಟ್ಟಾಗಿ ಜೋಡಿಸಿ ಬಾಳೆನಾರಿನಿಂದ ಬಿಗಿಯುತ್ತಾರೆ. ತುಳಸಿಗೂ ಹೊಸ್ತಿಲಿಗೂ ಪೂಜೆಯಾದ ಮೇಲೆ ಹಿರಿಯರಿಗೆ ಚೂಡಿ ಕೊಟ್ಟು ನಮಸ್ಕರಿಸುವುದು ಕ್ರಮ. ದೂರದೂರಿನ ಹಿರಿಯರಿಗೆ ಅದನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳಿಸುವ ರೂಢಿಯೂ ಬೆಳೆಯಿತು. ಮುಂಬಯಿಯ ಚಾಳಿನಲ್ಲಿ ಲಕೋಟೆ ಬಿಡಿಸಿದವರ ಕೈಗೆ ಊರಿನ ಅಂಗಳ ಒಣಗಿದ ಒಂದು ಹಿಡಿಯಾಗಿ ಸಿಗುತ್ತಿತ್ತು. ಈ ಸೀಮೆಯ ಹೂವಿನ ಕಲೆಗಳಲ್ಲಿ ಇಷ್ಟು ದೂರ ನಡೆದದ್ದು ಇನ್ನೊಂದಿಲ್ಲ.

ಇದೇ ಹೊತ್ತಿಗೆ, ಸೆಪ್ಟೆಂಬರ್ 8ಕ್ಕೆ, ಕೊಂಕಣಿ ಕ್ರೈಸ್ತ ಮಕ್ಕಳು ಬುಟ್ಟಿ ತುಂಬ ಹೂ ತಂದು ಬಾಲ ಮರಿಯಳಿಗೆ ಅರ್ಪಿಸುತ್ತಾರೆ. ಈ ಮೊಂತಿ ಹಬ್ಬ ಶುರುವಾದದ್ದು ಬಂಟ್ವಾಳ ತಾಲೂಕಿನ ಫರಂಗಿಪೇಟೆಯಲ್ಲಿ, 1763ರಲ್ಲಿ ಎಂಬುದು ಅಲ್ಲಿನ ಇಗರ್ಜಿಯ ಪರಂಪರೆ. ಹಬ್ಬ ಬೇರೆ, ಹೂ ಕೊಯ್ಯುವ ಬೇಲಿ ಒಂದೇ.

ಅಟ್ಟೆಯ ಲೆಕ್ಕ

ದೇವಸ್ಥಾನ, ನೇಮ, ಮದುವೆಗಳಿಗೆಲ್ಲ ಬೇಕಾದ ಮಲ್ಲಿಗೆ ಬಹುಕಾಲದಿಂದ ಉಡುಪಿ ಬಳಿಯ ಶಂಕರಪುರದ್ದು. ಬಾಳೆನಾರಿನಲ್ಲಿ ನೇಯ್ದ ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂಗಳದ ಹತ್ತಿಪ್ಪತ್ತು ಗಿಡಗಳಿಂದ ಮನೆ ನಡೆಸಿದ ಹೆಂಗಸರು ಕರಾವಳಿಯಲ್ಲಿ ಬಹಳ ಮಂದಿ. ಇದಕ್ಕೆ ಉಡುಪಿ ಮಲ್ಲಿಗೆ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ಈಚಿನ ದಶಕಗಳು

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರರನ್ನು ಭೂಮಾಲಿಕರನ್ನಾಗಿಸಿತು. ಗುತ್ತು, ಬೀಡುಗಳೆಂಬ ಹಳೆಯ ಭೂಮಾಲಿಕ ಮನೆಗಳ ಯಜಮಾನಿಕೆ ದೈವಸ್ಥಾನದ ಮರ್ಯಾದೆಯಾಗಿ ಉಳಿದರೂ ಸಾಮಗ್ರಿ ಒದಗಿಸುತ್ತಿದ್ದ ನೆಲ ಅವರ ಕೈಯಲ್ಲಿ ಮೊದಲಿನಷ್ಟು ಉಳಿಯಲಿಲ್ಲ. ಪೇಟೆಯ ಪುಡಿಬಣ್ಣ, ಥರ್ಮೋಕೋಲ್, ಘಟ್ಟದ ಮೇಲಿನ ಸೇವಂತಿಗೆ ಮತ್ತು ಚೆಂಡುಹೂಗಳು ಚಪ್ಪರಕ್ಕೆ ಬಂದವು. ಎಷ್ಟೋ ನಾಗಬನಗಳು ಮರ ಕಳೆದುಕೊಂಡು ಕಾಂಕ್ರೀಟ್ ಕಟ್ಟೆಗಳಾದವು. ಇದು ನಷ್ಟವೇ: ನೆರಳಿಲ್ಲದ ಬನಕ್ಕೆ ಹೊರಗಿನಿಂದ ಎಷ್ಟು ಹೂ ಹೇರಿದರೂ ಅದು ಬನವಾಗದು. ಬಿ.ಸಿ. ರೋಡಿನಲ್ಲಿ ತುಕಾರಾಂ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಂಥ ಸಂಗ್ರಹಾಲಯಗಳು ನಾಡಿನ ಹಳೆಯ ವಸ್ತುಗಳನ್ನು ಕಾಪಾಡುತ್ತಿವೆ. ತಿರಿಯನ್ನೂ ಹಿಂಗಾರವನ್ನೂ ಗಾಜಿನೊಳಗೆ ಇಡಲಾಗದು. ಅವನ್ನು ತೋಟವೇ ಕಾಪಾಡಬೇಕು.

ಆ ತೋಟಗಳಿಂದ ಇಂದಿಗೂ ಹೊರೆಕಾಣಿಕೆ ಬರುತ್ತದೆ. ಬ್ರಹ್ಮಕಲಶ, ನಾಗಮಂಡಲಗಳ ಮೊದಲು ಊರವರು ಮೆರವಣಿಗೆಯಲ್ಲಿ ತರುವ ಕಾಣಿಕೆಯಿದು. ವಾಹನಗಳಲ್ಲಿ ಅಕ್ಕಿ ಮುಡಿ, ತೆಂಗಿನಕಾಯಿ, ಕುಂಬಳ, ಬಾಳೆಎಲೆ, ಸೀಯಾಳದ ಗೊನೆ, ಅವುಗಳ ಮೇಲೆ, ಜಜ್ಜಿಹೋಗದ ಹಾಗೆ, ಇನ್ನೂ ಹೊದಿಕೆ ಬಿಚ್ಚದ ಹಿಂಗಾರ.