ಇಮೇಲ್ ತಲುಪುವಿಕೆ
ಜಾಹೀರಾತು ಇಮೇಲ್ ಸ್ಪ್ಯಾಮ್ ಪಾಲಾಗದೆ ಗ್ರಾಹಕರ ಇನ್‌ಬಾಕ್ಸ್ ಸೇರುವುದು. ಅಮೆರಿಕದಲ್ಲಿ ಬ್ಲ್ಯಾಕ್ ಫ್ರೈಡೆಯಿಂದ ಕ್ರಿಸ್‌ಮಸ್‌ವರೆಗೆ, ಭಾರತದಲ್ಲಿ ದಸರಾ-ದೀಪಾವಳಿಯ ಹೊತ್ತಿಗೆ ಇದು ನಿಜಕ್ಕೂ ಒರೆಗೆ ಹತ್ತುತ್ತದೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಇಮೇಲ್ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಗೂಗಲ್ 2024ರ ಫೆಬ್ರುವರಿಯಿಂದ ಕಡ್ಡಾಯ ಮಾಡಿತು. ಯಾಹೂ ಕೂಡ ಜೊತೆಗೂಡಿತು. ಎಸ್‌ಪಿಎಫ್ ಅನುಮತಿ ಪಡೆದ ಸರ್ವರ್‌ಗಳ ಪಟ್ಟಿ, ಡಿಕಿಮ್ ಡಿಜಿಟಲ್ ಸಹಿ. ಇವು ತಾಳೆಯಾಗದ ಇಮೇಲನ್ನು ಏನು ಮಾಡಬೇಕೆಂದು ಹೇಳುವುದು ಡಿಮಾರ್ಕ್. ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದು, ಅಂದರೆ ಸಾವಿರಕ್ಕೆ ಮೂರು ಮಂದಿ ಸಿಡಿಮಿಡಿಗೊಂಡರೂ ಕಷ್ಟ. ಜಾಹೀರಾತು ಇಮೇಲ್‌ಗಳಲ್ಲಿ ಒಂದೇ ಕ್ಲಿಕ್ಕಿಗೆ ಚಂದಾ ಬಿಡುವ ಸೌಲಭ್ಯವಿರಬೇಕು, ಆ ಕೋರಿಕೆ ಎರಡು ದಿನದಲ್ಲಿ ಜಾರಿಯಾಗಬೇಕು. ಹೊಸ ಸರ್ವರ್ ವಿಳಾಸವಾದರೆ ಹಬ್ಬಕ್ಕೆ ಕೆಲವು ವಾರ ಮೊದಲೇ ಸ್ವಲ್ಪಸ್ವಲ್ಪವಾಗಿ ಕಳಿಸಿ ಪಳಗಿಸುವುದು ರೂಢಿ. ವರ್ಷಗಟ್ಟಲೆ ಇಮೇಲ್ ತೆರೆಯದವರಿಗೂ ಹಬ್ಬದ ರಿಯಾಯಿತಿ ಕಳಿಸುವ ಆಸೆಯೇ ಬಹುತೇಕ ಮಾರಾಟಗಾರರನ್ನು ಕೆಡಿಸುವುದು.