ನಮ್ಮ ಹಿತ್ತಲದ ಮೂರು ಸಂಸಾರ

ಮಳೆ ಕೈಕೊಟ್ಟಾಗ ಕಪ್ಪೆಗಳ ಮದುವೆ ಮಾಡಿಸುವ ಪದ್ಧತಿ ನಮ್ಮ ರಾಜ್ಯದ ಹಲವು ಕಡೆ ಇದೆ. ಅರಿಷಿಣ, ಅಕ್ಷತೆ, ಮೆರವಣಿಗೆ ಎಲ್ಲ ಆಗುತ್ತೆ. ಕಪ್ಪೆಯನ್ನ ಕೇಳಿದ್ರೆ ಮಾತ್ರ, "ಮೊದಲ ಮಳಿ ಬರಲಿ ತಡೀರಿ, ಆಮ್ಯಾಲ ನಮ್ಮ ಮದುವಿ" ಅಂದೀತು. ನಾನಿಲ್ಲಿ ಹೇಳಹೊರಟಿರೋದು ಇಂಥ ಸಂಸಾರಗಳ ಚರಿತ್ರೆ. ಜೊತೆಗೆ, ಗಂಡೇ ಬೇಡ ಅಂದವಳೊಬ್ಬಳ ಚರಿತ್ರೆ ಕೂಡ.

ಧಾರವಾಡದ ಹಳೇ ಮನೆಗಳ ಹಿತ್ತಲದಲ್ಲಿ ಮೂರು ಜೀವಿಗಳು ಕಾಣಸಿಗುತ್ತವೆ: ಗೂಳಿಗಪ್ಪೆ, ಓತಿಕ್ಯಾತ, ಹೂವಿನ ಕುಂಡದ ಮಣ್ಣಲ್ಲಿ ಎರೆಹುಳದಂತೆ ಹೊರಳೋ ಪುಟ್ಟ ಕುರುಡು ಹಾವು. ಮೂರಕ್ಕೂ ವೈಜ್ಞಾನಿಕ ಹೆಸರಿಟ್ಟವನು ಒಬ್ಬನೇ, ಫ್ರಾನ್ಸಿನ ದೋದ್ಯಾಂ. ಬಾಲ್ಯದ ಕಾಯಿಲೆಯಿಂದ ಕಾಲಿನ ಸ್ವಾಧೀನ ಕಳಕೊಂಡಿದ್ದ ಈತ 1802-03ರ ಸುಮಾರಿಗೆ ಇವನ್ನೆಲ್ಲ ಪುಸ್ತಕಕ್ಕೆ ಸೇರಿಸಿದ. 1803ರಲ್ಲೇ ಕ್ಷಯದಿಂದ ತೀರಿಕೊಂಡ. ವಯಸ್ಸು ಬರೀ 27. ಹೆಸರು ಸಿಕ್ಕವು, ಆದ್ರೆ ಇವುಗಳ ಸಂಸಾರದ ಗುಟ್ಟು ತಿಳಿಯೋಕೆ ಇನ್ನೂ ಹೆಚ್ಚುಕಡಿಮೆ ಎರಡು ಶತಮಾನ ಹಿಡೀತು. ಅದರಲ್ಲೊಂದು ಒಳ್ಳೇ ಪಾಲು ನಮ್ಮೂರಲ್ಲೇ, ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಬಯಲಾಯಿತು.

ಮುಂದೆ ಅದೇ ವಿಶ್ವವಿದ್ಯಾಲಯದ ಕುಲಪತಿಯಾದ ಎಸ್.ಕೆ. ಸೈದಾಪುರ ಅವರು ವರ್ಷಗಟ್ಟಲೆ ಗೂಳಿಗಪ್ಪೆಯ ಸಂತಾನಚಕ್ರದ ಬೆನ್ನುಬಿದ್ದರು. ಹೆಣ್ಣಿನ ಒಡಲಲ್ಲಿ ತತ್ತಿಯ ತಯಾರಿ ಮಳೆಗೆ ಮುಂಚೆಯೇ ನಡೆದಿರುತ್ತೆ. ಮುಂಗಾರು ಬಿದ್ದ ಕೂಡಲೇ ಗಂಡು ಹಳದಿ ಬಣ್ಣಕ್ಕೆ ತಿರುಗಿ, ಗಂಟಲಿನ ನೀಲಿ ಚೀಲ ಉಬ್ಬಿಸಿ ಕೂಗುತ್ತೆ. ಹೆಣ್ಣು ನೀರಲ್ಲಿ ತತ್ತಿ ಬಿಟ್ಟ ಹಾಗೆ ಅದನ್ನ ತಬ್ಬಿ ಹಿಡಿದ ಗಂಡು ವೀರ್ಯ ಸುರಿಸುತ್ತೆ. ಫಲ ಕಟ್ಟೋದು ಒಡಲ ಹೊರಗೆ. ಇಷ್ಟಕ್ಕೆ ಎರಡೂ ಒಂದೇ ಹೊಂಡಕ್ಕೆ, ಒಂದೇ ಹೊತ್ತಿಗೆ ಬರಲೇಬೇಕು. ಕಪ್ಪೆಕಾಲಿನ ವ್ಯಾಪಾರಿಗಳಿಗೆ ಅದೇ ಸುಗ್ಗಿ ಆಯ್ತು. ಯುರೋಪು, ಅಮೆರಿಕದ ತಟ್ಟೆಗಳಿಗೆ ಹೋದ ಕಾಲುಗಳ ಜೊತೆ ಮುಂದಿನ ಪೀಳಿಗೆಯ ತತ್ತಿಗಳೂ ಹೋದವು. ಗದ್ದೆಯ ಕೀಟ ತಿನ್ನೋರು ಕಮ್ಮಿ ಆಗ್ತಾರಲ್ಲ ಅನ್ನೋ ಕೂಗೆದ್ದು, 1987ರಲ್ಲಿ ಭಾರತ ರಫ್ತನ್ನ ನಿಷೇಧಿಸಿತು.

ಓತಿಕ್ಯಾತದ ಕಥೆ ಬೇರೆ. ಇಲ್ಲಿ ಫಲ ಕಟ್ಟೋದು ಹೆಣ್ಣಿನ ಒಡಲೊಳಗೆ. ಅವಳು ನೆಲ ತೋಡಿ ಮೊಟ್ಟೆ ಇಟ್ಟು, ಮುಚ್ಚಿ ಹೋಗ್ತಾಳೆ. ತೋಡೋಕೆ ನೆಲವೇ ಸಿಗದಿದ್ರೆ? ಭಾಗ್ಯಶ್ರೀ ಶಾನಭಾಗ, ಸೈದಾಪುರ ಮತ್ತವರ ಶಿಷ್ಯ ರಾಜಕುಮಾರ ರಡ್ಡೇರ 1998ರಲ್ಲಿ ಬರೆದದ್ದನ್ನ ಓದಿ ನಾನು ಬೆರಗಾದೆ: ಸೆರೆಯಲ್ಲಿಟ್ಟ ಬಸುರಿ ಓತಿಕ್ಯಾತ ಮೊಟ್ಟೆಗಳನ್ನ ಒಡಲಲ್ಲೇ ತಡೆದಿಟ್ಟುಕೊಳ್ಳುತ್ತೆ, ಭ್ರೂಣಗಳ ಬೆಳವಣಿಗೆ ಒಂದು ಹಂತಕ್ಕೆ ಬಂದು ನಿಂತುಬಿಡುತ್ತೆ! ಹುಡುಗರು ಕಲ್ಲು ಬೀರೋ ಪ್ರಾಣಿಗೆ ಎಂಥ ತಾಳ್ಮೆ ನೋಡ್ರಿ.

ಇನ್ನು ಕುಂಡದ ಹಾವು. ಜಗತ್ತಿನ ಎಷ್ಟೋ ದೇಶಗಳಲ್ಲಿ ಹಿಡಿದು ಪರೀಕ್ಷಿಸಿದ್ರೂ ಸಿಕ್ಕವೆಲ್ಲ ಹೆಣ್ಣು. 1970ರ ದಶಕದಲ್ಲಿ ಶುರುವಾದ ಅನುಮಾನ 1987ರಲ್ಲಿ ಗಟ್ಟಿಯಾಯ್ತು: ಇದರ ಜೀವಕೋಶದಲ್ಲಿ ವರ್ಣತಂತುಗಳು ಎರಡರ ಬದಲು ಮೂರು ಜೊತೆಗೂಡಿವೆ. ತಾಯಿ ಗಂಡಿನ ನೆರವಿಲ್ಲದೆ ತನ್ನದೇ ಪಡಿಯಚ್ಚುಗಳನ್ನ ಹೆರ್ತಾಳೆ. ಹೀಗಾಗಿ ಸಸಿಯ ಬೇರಿನ ಮಣ್ಣಲ್ಲಿ ಒಂದೇ ಒಂದು ಹಾವು ಹಡಗು ಹತ್ತಿದರೂ ಸಾಕು, ಹೊಸ ದೇಶದಲ್ಲಿ ವಂಶ ಬೆಳೆಯುತ್ತೆ. ದೋದ್ಯಾಂ ಇದಕ್ಕೆ ಹೆಸರಿಟ್ಟದ್ದು ಪ್ಯಾಟ್ರಿಕ್ ರಸೆಲ್ 1796ರಲ್ಲಿ ಕೋರಮಂಡಲ ತೀರದ ಹಾವುಗಳ ಬಗ್ಗೆ ಬರೆದಿದ್ದನ್ನ ಆಧರಿಸಿ. ಇವತ್ತು ಇಷ್ಟು ದೂರ ಹರಡಿದ ಹಾವು ಇನ್ನೊಂದಿಲ್ಲ.

ಹಂಗಾದ್ರೆ ಗಂಡು-ಹೆಣ್ಣಿನ ಈ ರಗಳೆ ಯಾಕ ಬೇಕು? ಪಡಿಯಚ್ಚುಗಳಿಗೆ ಬಲವೂ ಒಂದೇ, ದೌರ್ಬಲ್ಯವೂ ಒಂದೇ. ಒಂದನ್ನ ಕೊಲ್ಲೋ ರೋಗ ಎಲ್ಲವನ್ನೂ ಕೊಂದೀತು. ಕಪ್ಪೆಯ ಸಾವಿರಾರು ಮರಿಗಳು ಒಂದರಂತೆ ಒಂದಿಲ್ಲ, ಕೆಲವಾದ್ರೂ ಉಳಿದಾವು. ಆದ್ರೆ ಆ ವಿಮೆಯ ಕಂತು ಕಟ್ಟೋಕೆ ಅವಕ್ಕೊಂದು ಕೂಡುವ ಜಾಗ ಬೇಕು.

ರಫ್ತು ನಿಂತಿತು, ಸರಿ. ಹುಬ್ಬಳ್ಳಿ-ಧಾರವಾಡದ ನಡುವೆ ಪ್ಲಾಟು ಹಾಕುವವರು ಮೊದಲು ಮುಚ್ಚೋದು ಮಳೆನೀರು ನಿಲ್ಲೋ ತಗ್ಗನ್ನ. ಕುಂಡದ ಹಾವಿಗೆ ಅದರಿಂದ ತೊಂದರೆ ಇಲ್ಲ, ಹೊಸ ಮನೆಯ ಬಾಲ್ಕನಿಗೂ ಅದು ಬರುತ್ತೆ. ಓತಿಕ್ಯಾತ ಕಾಂಪೌಂಡಿನ ಪಕ್ಕ ಒಂದು ಗೇಣು ಮಣ್ಣು ಹುಡುಕಿಕೊಂಡೀತು. ಗೂಳಿಗಪ್ಪೆಗೆ ಮಾತ್ರ ಒಂದು ಹೊಂಡ, ಅದರಲ್ಲಿ ಕೆಲವು ವಾರ ನಿಲ್ಲೋ ನೀರು, ಇಷ್ಟು ಬಿಟ್ಟು ಬೇರೆ ದಾರಿಯೇ ಇಲ್ಲ.