ಮುಂಬಯಿಯಲ್ಲಿ ಕಂಪ್ಯೂಟರ್ ರಚನಾಶಾಸ್ತ್ರದ ಅಧ್ಯಯನ

ಕಂಪ್ಯೂಟರ್ ರಚನಾಶಾಸ್ತ್ರವೆಂದರೆ ಲೆಕ್ಕ ಮಾಡುವ ಘಟಕ, ಮೆಮೊರಿ, ಆದೇಶಗಳ ಪಟ್ಟಿ ಇವೆಲ್ಲ ಒಂದಕ್ಕೊಂದು ಹೊಂದಿಕೊಂಡು ದುಡಿಯುವ ಬಗೆಯನ್ನು ವಿವರಿಸುವ ವಿದ್ಯಾಶಾಖೆ. ಮುಂಬಯಿಯಲ್ಲಿ ಇದರ ಕಲಿಕೆಗೆ ನಾಂದಿಯಾದದ್ದು ಒಂದು ಯಂತ್ರವನ್ನು ಕಟ್ಟುವ ಕೆಲಸ. ಪಠ್ಯಕ್ರಮ, ಪರೀಕ್ಷೆ, ಪದವಿಗಳು ಆಮೇಲೆ ಬಂದವು.

ಆ ಯಂತ್ರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯದು (ಟಿಐಎಫ್‌ಆರ್). ಹೋಮಿ ಭಾಭಾ 1945ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಆರಂಭಿಸಿ, ಅದೇ ವರ್ಷದ ಕೊನೆಗೆ ಮುಂಬಯಿಗೆ ಒಯ್ದ ಸಂಸ್ಥೆ ಇದು. ಗಣಿತದಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದಿದ್ದ ಆರ್. ನರಸಿಂಹನ್ 1954ರಲ್ಲಿ ಇಲ್ಲಿಗೆ ಬಂದರು. ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ 1955ರಲ್ಲಿ ಬ್ರಿಟನ್ನಿನಿಂದ ಕಂಪ್ಯೂಟರ್ ತರಿಸಿಕೊಂಡಿತು. ಮುಂಬಯಿಯವರು ತಾವೇ ಕಟ್ಟಲು ಕೈಹಾಕಿದರು. ಕಂಪ್ಯೂಟರ್ ಪದವೀಧರರೆಂಬ ಜಾತಿಯೇ ಆಗ ದೇಶದಲ್ಲಿರಲಿಲ್ಲ. ಮೊದಲು ಒಂದು ಚಿಕ್ಕ ಮಾದರಿ ಯಂತ್ರ ಮಾಡಿ, ಎಡವಿದ ಕಡೆ ತಿದ್ದಿಕೊಂಡು, ಬಳಿಕ ದೊಡ್ಡದಕ್ಕೆ ಹೊರಟರು. ದೊಡ್ಡ ಯಂತ್ರ 1960ರಲ್ಲಿ ಕೆಲಸಕ್ಕೆ ನಿಂತಿತು. 1962ರಲ್ಲಿ ಕೊಲಾಬಾದ ಹೊಸ ಕಟ್ಟಡದ ಉದ್ಘಾಟನೆಗೆ ಬಂದ ನೆಹರೂ ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು.

2,700 ವ್ಯಾಕ್ಯೂಮ್ ಟ್ಯೂಬುಗಳು, 1,700 ಜರ್ಮೇನಿಯಂ ಡಯೋಡುಗಳು, 12,500 ರೆಸಿಸ್ಟರುಗಳು. ಇವನ್ನೆಲ್ಲ ಹೊತ್ತ ಉಕ್ಕಿನ ಚೌಕಟ್ಟು 18 ಅಡಿ ಉದ್ದ, 8 ಅಡಿ ಎತ್ತರ. ಮುಂಬಯಿ ಚಾಳಿನ ಹತ್ತಡಿಯ ಖೋಲಿಯಲ್ಲಿ ಹಿಡಿಸುವಂಥದ್ದಲ್ಲ. ಮೆಮೊರಿಯಲ್ಲಿ 40 ಬಿಟ್ಟುಗಳ 2,048 ಪದಗಳಿಗೆ ಜಾಗವಿತ್ತು. ಫೆರೈಟಿನ ಪುಟ್ಟ ಉಂಗುರಗಳ ಒಳಗೆ ನವಿರಾದ ತಂತಿ ಪೋಣಿಸಿದ ಜಾಲರಿ ಅದು. ಉಂಗುರ ಒಂದು ದಿಕ್ಕಿಗೆ ಕಾಂತಗೊಂಡರೆ ಸೊನ್ನೆ, ಇನ್ನೊಂದು ದಿಕ್ಕಿಗಾದರೆ ಒಂದು. ಬಿಟ್ಟಿಗೊಂದರಂತೆ ಲೆಕ್ಕ ಹಾಕಿದರೆ 81,920 ಉಂಗುರಗಳಾಗುತ್ತವೆ. ಓದಿದೊಡನೆ ಉಂಗುರದಲ್ಲಿದ್ದದ್ದು ಅಳಿಸಿಹೋಗುವುದರಿಂದ ಓದಿದ್ದನ್ನು ಮತ್ತೆ ಬರೆಯಲೇಬೇಕು. ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಈ ಸಂಗತಿಗೆ ಕಟ್ಟುವವರು ಬೇರೆ ಮಂಡಲವನ್ನೇ ಹೂಡಬೇಕು. ಪ್ರೋಗ್ರಾಂ ಬರೆಯುವವರಿಗೂ ಸೊನ್ನೆ ಒಂದುಗಳ ಯಂತ್ರಭಾಷೆಯೇ ಗತಿ.

ಟಿಫ್ರಾಕ್ ಬಳಕೆಗೆ ಬರುವ ಹೊತ್ತಿಗೆ ಹೊರಗಿನ ಲೋಕ ಟ್ರಾನ್ಸಿಸ್ಟರಿಗೆ ದಾಟಿಯಾಗಿತ್ತು. 1964ರಲ್ಲಿ ಟಿಐಎಫ್‌ಆರ್‌ಗೆ ಅಮೆರಿಕದ ಸಿಡಿಸಿ 3600 ಬಂತು. ಫೋರ್ಟ್ರಾನ್, ಪಂಚ್ ಕಾರ್ಡುಗಳ ಯುಗ ಶುರುವಾಗಿ, ಕಲಿಯುವವರ ಗಮನ ಬೆಸುಗೆ ಕಡ್ಡಿಯಿಂದ ಕಂಪೈಲರಿನತ್ತ ಹೊರಳಿತು. ಇದನ್ನು ಹಿನ್ನಡೆ ಎನ್ನುವವರಿದ್ದಾರೆ. ಸಾಫ್ಟ್‌ವೇರ್ ತರಬೇತಿಗೆ ನೆಲೆ ಸಿಕ್ಕಿದ್ದು ಇಲ್ಲಿಂದಲೇ ಎಂಬುದನ್ನೂ ಮರೆಯಲಾಗದು. ಟಿಐಎಫ್‌ಆರ್‌ನೊಳಗೇ ಬೆಳೆದ ರಾಷ್ಟ್ರೀಯ ಸಾಫ್ಟ್‌ವೇರ್ ಕೇಂದ್ರ 1985ರಲ್ಲಿ ಎನ್‌ಸಿಎಸ್‌ಟಿ ಎಂಬ ಸ್ವತಂತ್ರ ಸಂಸ್ಥೆಯಾಗಿ, ಜುಹೂವಿನಲ್ಲಿ ನೆಲೆ ಕಂಡುಕೊಂಡಿತು. ಟ್ರಾಂಬೆಯ ಅಣುಶಕ್ತಿ ಕೇಂದ್ರ ಮಾತ್ರ ಕಟ್ಟುವ ಹಟ ಬಿಡಲಿಲ್ಲ. 1969ರಲ್ಲಿ ಅಲ್ಲಿ ಸಿದ್ಧವಾದ ಟಿಡಿಸಿ-12 ಎಂಬ 12 ಬಿಟ್ಟಿನ ಯಂತ್ರವನ್ನು ಮುಂದೆ ಹೈದರಾಬಾದಿನ ಇಸಿಐಎಲ್ ಕಂಪನಿ ತಯಾರಿಸಿತು.

ಸೋವಿಯತ್ ನೆರವಿನಿಂದ 1958ರಲ್ಲಿ ಹುಟ್ಟಿದ ಪೊವಾಯಿಯ ಐಐಟಿಗೆ ಯಂತ್ರಗಳೂ ಅಲ್ಲಿಂದಲೇ ಬಂದವು: ಮೊದಲು ಮಿನ್ಸ್ಕ್-2, 1970ರ ದಶಕದಲ್ಲಿ ಇಸಿ-1030. ಎರಡನೆಯದೇ ಒಂದು ಪಾಠ. ಒಂದೇ ಆದೇಶಪಟ್ಟಿಗೆ ಸಣ್ಣ ದೊಡ್ಡ ಯಂತ್ರಗಳೆಲ್ಲ ಬದ್ಧವಾಗಿರಲಿ ಎಂದು ಐಬಿಎಂ 1964ರಲ್ಲಿ ತನ್ನ 360 ಸರಣಿಯನ್ನು ರೂಪಿಸಿತ್ತು. ‘ಆರ್ಕಿಟೆಕ್ಚರ್’ ಎಂಬ ಮಾತು ಈ ಅರ್ಥದಲ್ಲಿ ನೆಲೆಯೂರಿದ್ದು ಆಗಲೇ. ಅದೇ ಆದೇಶಪಟ್ಟಿಗೆ ಒಪ್ಪುವಂತೆ ಸೋವಿಯತ್ ಬಣ ಬೇರೆಯದೇ ಒಳಗಟ್ಟಿನಿಂದ ಮಾಡಿದ ಯಂತ್ರ ಇಸಿ-1030. ಶೀತಲ ಸಮರದ ಎರಡೂ ಪಾಳೆಯಗಳು ಪೊವಾಯಿಯ ಒಂದು ಕೋಣೆಯಲ್ಲಿ ಒಂದೇ ಭಾಷೆ ಆಡಿದಂತಾಯಿತು.

1980ರ ದಶಕದಲ್ಲಿ ವಿಷಯ ಉಪನಗರಗಳಿಗೆ ಹರಡಿತು. ಮಹಾರಾಷ್ಟ್ರ ಸರ್ಕಾರ ಅನುದಾನರಹಿತ ಕಾಲೇಜುಗಳಿಗೆ ದಾರಿ ತೆರೆದಾಗ ಬಾಂದ್ರಾದ ಥಡೋಮಲ್ ಶಹಾನಿ ಕಾಲೇಜು (1983), ಚೆಂಬೂರಿನ ವಿವೇಕಾನಂದ ಸಂಸ್ಥೆಯ ಕಾಲೇಜು (1984) ಬಂದವು. ದೊಡ್ಡ ಯಂತ್ರದ ಬದಲು ಇಲ್ಲಿನ ಲ್ಯಾಬುಗಳಲ್ಲಿ ಇದ್ದದ್ದು 8085 ಮೈಕ್ರೊಪ್ರೊಸೆಸರ್‌ನ ಕಿಟ್: ಒಂದು ಬೋರ್ಡು, ಪುಟ್ಟ ಕೀಲಿಮಣೆ, ವಿಳಾಸಕ್ಕೆ ನಾಲ್ಕು, ದತ್ತಕ್ಕೆ ಎರಡು ಕೆಂಪು ಅಂಕಿಗಳು. ಆದೇಶಗಳನ್ನು ಪಟ್ಟಿ ನೋಡಿ ಕೈಯಾರೆ ಸಂಕೇತಕ್ಕಿಳಿಸಿ ಒಂದೊಂದಾಗಿ ಒತ್ತಬೇಕು. ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ‘ಸಿಓಎ’ ಎಂದು ಮೊಟಕಾಗಿ ಕರೆಯುವ ‘ಕಂಪ್ಯೂಟರ್ ಆರ್ಗನೈಸೇಶನ್ ಅಂಡ್ ಆರ್ಕಿಟೆಕ್ಚರ್’ ಪತ್ರಿಕೆಯಲ್ಲಿ ಬೂತ್ ಗುಣಾಕಾರ ಕ್ರಮ, ಪೈಪ್‌ಲೈನ್, ಕ್ಯಾಶ್ ಇವು ಹುಡುಗರಿಗೆ ಬಾಯಿಪಾಠ. ತಪ್ಪಿದರೆ ‘ಕೆಟಿ’, ಅಂದರೆ ಬಾಕಿ ಉಳಿದ ವಿಷಯ.

ಕಟ್ಟಿ ಕಲಿಯುವ ಪರಿಪಾಠ ಪೊವಾಯಿಯಲ್ಲಿ ಮತ್ತೆ ಚಿಗುರಿತು. ಪ್ರೊ. ಮಾಧವ ದೇಸಾಯಿ ಅವರ ತಂಡ ವಿನ್ಯಾಸಗೊಳಿಸಿದ ‘ಅಜಿತ್’ ಮೈಕ್ರೊಪ್ರೊಸೆಸರ್ 2019ರಲ್ಲಿ ಸುದ್ದಿಯಾಯಿತು. ಆದೇಶಪಟ್ಟಿ ಮುಕ್ತ ಮಾನಕವಾದ ಸ್ಪಾರ್ಕ್‌ನದು, ಒಳಗಟ್ಟು ತಂಡದ್ದೇ. ಚಿಪ್ ಅಚ್ಚಾದದ್ದು ಚಂಡೀಗಢದ ಪಕ್ಕದ ಮೊಹಾಲಿಯ ಸರ್ಕಾರಿ ಸೆಮಿಕಂಡಕ್ಟರ್ ಪ್ರಯೋಗಾಲಯದಲ್ಲಿ, 180 ನ್ಯಾನೊಮೀಟರ್ ಅಳತೆಯಲ್ಲಿ.